ಮಾವನ ಕಾರಿಗೆ ಜೇನುಮೇಣ

"ಇನ್ನು ಮುಂದೆ ಈ ಕಾರಿಗೆ ನನ್ನ ಕೈಯಲ್ಲದೆ ಬೇರೊಬ್ಬರ ಕೈ ತಾಗಕೂಡದು!"

ಮಾದಾಪುರದ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ನಾನು ಹೀಗೊಂದು ಘನಘೋರ ಪ್ರತಿಜ್ಞೆ ಮಾಡಿದ್ದು, ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಎರಡನೆಯ ವರ್ಷ. ಭೀಷ್ಮ ಪ್ರತಿಜ್ಞೆ ಮಾಡಿದಾಗ ದೇವತೆಗಳು ಹೂ ಸುರಿಸಿದರಂತೆ. ನನ್ನದನ್ನು ಕೇಳಿದವಳು ಹೆಂಡತಿ ಕಮಲ ಒಬ್ಬಳೇ. ಅವಳು ಸುರಿಸಿದ್ದು ಅಕ್ಕಿ ತೊಳೆದ ನೀರು, ಅದೂ ಬಾಳೆಯ ಬುಡಕ್ಕೆ!

"ಮೆಕ್ಯಾನಿಕ್ ಮಲ್ಲಣ್ಣನಿಗೆ ಒಂದು ಸಲ ತೋರಿಸ್ಬಾರ್ದಾ?" ಎಂದಳು.

"ಮಲ್ಲನಿಗಾ? ಅವನು ಲಾರಿ ಬಿಚ್ಚುವವನು. ಇದು ಬ್ಲೋವರ್ ಇರೋ ಕಾರು ಕಣೇ!"

ಆ ಕಾರು ಅಸಲಿಗೆ ಒಬ್ಬ ಇಂಗ್ಲಿಷ್ ದೊರೆಯದು. ಎಂಜಿನ್ನಿಗೆ ಗಾಳಿ ನುಗ್ಗಿಸಿ ವೇಗ ಹೆಚ್ಚಿಸುವ ಬ್ಲೋವರ್ ಎಂಬ ಯಂತ್ರ ಅದರ ಮೂತಿಯಲ್ಲಿತ್ತು. ದೊರೆ ಊರಿಗೆ ಹಡಗು ಹತ್ತುವಾಗ ಅದನ್ನು ತನ್ನ ಡ್ರೈವರ್ ಪೊನ್ನಪ್ಪನವರಿಗೆ ಕೊಟ್ಟುಹೋದ. ಆ ಪೊನ್ನಪ್ಪನವರೇ ನನ್ನ ಮಾವ, ಕಮಲಳ ಅಪ್ಪ. ಹನ್ನೊಂದು ವರ್ಷ ಓಡಿಸಿ, ಕಣ್ಣು ಮಂಜಾದ ಮೇಲೆ ನನಗೆ ಒಪ್ಪಿಸಿದರು. "ಇದಕ್ಕೆ ಹೊಸದಾಗಿ ಎಂತ ಮಾಡೋದೂ ಬೇಡ. ಇದ್ದ ಹಾಗೇ ಇರ್ಲಿ" ಎಂದಿದ್ದರು.

ಇದ್ದ ಹಾಗೇ ಬಿಟ್ಟರೆ ನನ್ನ ಪಾಂಡಿತ್ಯದ ಗತಿಯೇನು! ಮೊದಲ ವಾರವೇ ಘೋರ ಪ್ರಮಾದವೊಂದನ್ನು ಪತ್ತೆ ಹಚ್ಚಿದೆ. ಪೆಟ್ರೋಲ್ ಟ್ಯಾಂಕಿನ ಮುಚ್ಚಳದಲ್ಲಿ ಸಣ್ಣದೊಂದು ತೂತು! ಮುಚ್ಚಳ ಎಂದಮೇಲೆ ಮುಚ್ಚಬೇಡವೇ? ನಮ್ಮ ಮಳೆ ಆ ತೂತನ್ನು ಬಿಟ್ಟೀತೇ? ಮಳೆಗಾಲಕ್ಕೆ ಮೊದಲು ಜೇನಿನ ಬಾಟಲಿಗಳ ಬಾಯಿಗೆಲ್ಲ ಮೇಣ ಮೆತ್ತಿಡುವುದು ನಮ್ಮ ಮನೆಯ ಪದ್ಧತಿ. ಅದೇ ಮೇಣವನ್ನು ಬಿಸಿ ಮಾಡಿ, ತೂತಿನೊಳಗೆ ಒತ್ತಿ ತುಂಬಿದೆ. ಇರುವೆಯ ಉಸಿರೂ ನುಸುಳದ ಹಾಗೆ! ಎಸ್ಟೇಟಿನೊಳಗೆ ಅರ್ಧ ಮೈಲಿ ಓಡಿಸಿ ನೋಡಿದೆ. ಕಾರು ಚೆನ್ನಾಗಿಯೇ ಓಡಿತು.

ಮಳೆಗಾಲವೆಲ್ಲ ಕಾರು ಶೆಡ್ಡಿನಲ್ಲೇ ಇತ್ತು. ಮಳೆ ಹಿಂದಾದ ಮೇಲೆ ಒಂದು ಬೆಳಿಗ್ಗೆ ಸೋಮವಾರಪೇಟೆಯಿಂದ ಚೀಟಿ ಬಂತು. ಮಾವನಿಗೆ ಉಬ್ಬಸ ಏರಿದೆ, ಡಾಕ್ಟರು ಕೈಚೆಲ್ಲಿದ್ದಾರೆ, ಕಮಲಳ ಹತ್ತಿರ ಏನೋ ಹೇಳಬೇಕೆನ್ನುತ್ತಿದ್ದಾರೆ, ಕೂಡಲೇ ಹೊರಟು ಬನ್ನಿ.

ಕಮಲ ಉಟ್ಟ ಸೀರೆಯಲ್ಲೇ ಚೀಲ ಹಿಡಿದು ನಿಂತಳು. "ಒಂಬತ್ತರ ಬಸ್ಸಿಗೆ ಹೋಗುವ."

"ಬಸ್ಸಾ? ಅದು ಕೈ ತೋರಿಸಿದ ಕಡೆಯೆಲ್ಲ ನಿಲ್ತದೆ. ನಮ್ಮ ಕಾರಲ್ಲಿ ಮುಕ್ಕಾಲು ಗಂಟೆ!"

ನಮ್ಮ ಕಾರು ಯಾರೂ ಕೈ ತೋರಿಸದ ಕಡೆಯೆಲ್ಲ ನಿಂತಿತು.

ಎರಡು ಮೈಲಿಗೆ ಮೊದಲ ಸಲ. ಪ್ಲಗ್ಗುಗಳನ್ನು ಬಿಚ್ಚಿ, ಉಜ್ಜಿ, ಮತ್ತೆ ಕೂರಿಸಿದೆ. ಕೊನೆಗೆ ಪೆಟ್ರೋಲ್ ಇದೆಯೋ ನೋಡೋಣವೆಂದು ಮುಚ್ಚಳ ತಿರುಗಿಸಿದೆ. 'ಉಸ್ಸ್' ಎಂದಿತು. ಕಾಫಿ ಗಿಡದ ಕಡ್ಡಿ ಇಳಿಸಿ ನೋಡಿದರೆ ಪೆಟ್ರೋಲ್ ಬೇಕಾದಷ್ಟಿತ್ತು. ಮುಚ್ಚಳ ಬಿಗಿದು ಹ್ಯಾಂಡಲ್ ತಿರುಗಿಸಿದೆ. ಸ್ಟಾರ್ಟ್!

"ನೋಡಿದ್ಯಾ? ಪ್ಲಗ್ಗು!" ಎಂದು ಮೀಸೆ ತಿರುವಿದೆ. ಮೀಸೆಗೆ ಮಸಿ ಹತ್ತಿತು.

ಮತ್ತೆರಡು ಮೈಲಿಗೆ ಪುನಃ ನಿಂತಿತು. ನಾನು ಟ್ಯಾಂಕಿಗೆ ಕಡ್ಡಿ ಇಳಿಸುತ್ತಿರುವಾಗ ಒಂಬತ್ತರ ಬಸ್ಸು ಬಂದು ಪಕ್ಕದಲ್ಲೇ ನಿಂತಿತು. ಡ್ರೈವರ್ ಬೋಜ ತಲೆ ಹೊರಗೆ ಹಾಕಿದ.

"ಎಂತ ಆಯ್ತು ರೈಟ್ರೇ?"

"ಎಂತದ್ದೂ ಇಲ್ಲ. ಎರಡು ಮೈಲಿಗೊಮ್ಮೆ ನಿಲ್ತದೆ, ಪೆಟ್ರೋಲ್ ನೋಡಿ ಹ್ಯಾಂಡಲ್ ಹೊಡೆದ್ರೆ ಹೊರಡ್ತದೆ."

"ಅಕ್ಕನ್ನಾದ್ರೂ ಹತ್ತಿಸಿ. ಪೊನ್ನಪ್ಪಣ್ಣನ ಮನೆ ಎದುರೇ ಇಳಿಸ್ತೇನೆ."

ಕಮಲ ಆಗಲೇ ಕಾರಿನ ಬಾಗಿಲು ತೆಗೆದು ಒಂದು ಕಾಲು ಹೊರಗಿಟ್ಟಿದ್ದಳು. ಆಗ ನಾನಾಡಿದ ಮಾತು ಇವತ್ತಿಗೂ ಚುಚ್ಚುತ್ತದೆ.

"ನೀನು ಹೊರಡು ಬೋಜ! ಮುಂದಿನ ತಿರುವಲ್ಲಿ ನಿನ್ನನ್ನೇ ಹಿಂದೆ ಹಾಕ್ತೇವೆ!"

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಆ ನಗುವಿಗೆ ಅವಮಾನವಾಗಿ ನಾನು ಕಮಲಳ ತೋಳು ಹಿಡಿದು ಒಳಗೆ ಕೂರಿಸಿದೆ. ಬಸ್ಸು ಹೊರಟುಹೋಯಿತು. ಹಿಂದಿನ ಕಿಟಕಿಯಿಂದ ಯಾರೋ ಕೈಬೀಸಿದರು.

ಮೂರನೆಯ ಸಲ ಪಾಯಿಂಟು ಉಜ್ಜಿದೆ. ನಾಲ್ಕನೆಯ ಸಲ ಕಾರ್ಬೊರೇಟರ್ ಬಿಚ್ಚಿದೆ. ಐದನೆಯ ಸಲ ಸಂಶಯವೆಲ್ಲ ಬ್ಲೋವರ್ ಮೇಲೆ ತಿರುಗಿತು. ಅದನ್ನು ಬಿಚ್ಚಿ ಜೋಡಿಸುವಷ್ಟರಲ್ಲಿ ಎರಡು ಗಂಟೆ! ಜೋಡಿಸಿದ ಮೇಲೆ ಒಂದು ನಟ್ಟು ಉಳಿಯಿತು. ಇದು ದೊರೆಗಳ ಕಾಲದ ಹೆಚ್ಚುವರಿ ಎಂದು ಜೇಬಿಗೆ ಹಾಕಿಕೊಂಡೆ.

"ಇದಾ ನೋಡಿ," ಎಂದಳು ಕಮಲ, ಮೆಲ್ಲಗೆ. "ಪ್ರತಿ ಸಲ ಮುಚ್ಚಳ ತೆಗೆದ ಮೇಲೇ ಅಲ್ವಾ ಹೊರಡೋದು? ಅದನ್ನು ತೆಗೆದಿಟ್ಟೇ ಹೋಗುವ."

"ಪೆಟ್ರೋಲ್ ತುಳುಕಿ ಬೆಂಕಿ ಹಿಡಿದ್ರೆ? ಎಂಜಿನ್ ವಿಷಯ ನಿನಗೆ ತಿಳಿಯೋದಿಲ್ಲ. ಸುಮ್ನಿರು!"

ಅವಳು ಸುಮ್ಮನಾದಳು. ಸುಮ್ಮನೆ ಅಳುತ್ತಿದ್ದಳು ಎಂಬುದು ಬಾನೆಟ್ಟಿನೊಳಗೆ ತಲೆಯಿಟ್ಟವನಿಗೆ ಕಾಣಲಿಲ್ಲ.

ಸೋಮವಾರಪೇಟೆ ಮುಟ್ಟುವಾಗ ಮೂರು ಗಂಟೆ. ಅಂಗಳದ ತುಂಬ ಜನ ನಿಂತಿದ್ದರು. ನಮ್ಮನ್ನು ಕಂಡು ದಾರಿ ಬಿಟ್ಟರು. ಮಾವನ ಜೀವ ಹೋಗಿ ಒಂದು ಗಂಟೆಯಾಗಿತ್ತು. ಕಮಲ ಅವರ ಪಾದ ಹಿಡಿದು ಕುಳಿತವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮಸಿ ಮೆತ್ತಿದ ಕೈಯಲ್ಲಿ ನಾನು ಅವರನ್ನು ಮುಟ್ಟುವುದಾದರೂ ಹೇಗೆ? ಬಾಗಿಲಲ್ಲೇ ನಿಂತು ಬಿಕ್ಕಿದೆ.

ಹನ್ನೊಂದನೆಯ ದಿನದ ಕೆಲಸ ಮುಗಿದ ಮೇಲೆ ಅತ್ತೆ ಪೂವಮ್ಮ ನಮ್ಮಿಬ್ಬರನ್ನೂ ಹತ್ತಿರ ಕೂರಿಸಿಕೊಂಡರು.

"ಆವತ್ತು ಬೋಜ ಬಸ್ ನಿಲ್ಸಿ ಹೇಳಿ ಹೋದ. ಕಾರು ಎರಡು ಮೈಲಿಗೊಮ್ಮೆ ನಿಲ್ತದೆ, ಪೆಟ್ರೋಲ್ ನೋಡಿದ್ರೆ ಹೊರಡ್ತದೆ ಅಂತ. ಇವ್ರಿಗೆ ಉಸಿರೇ ಸಿಕ್ತಿರ್ಲಿಲ್ಲ. ಆದ್ರೂ ಕೈಯೂರಿ ಎದ್ದು ಕೂತ್ರು."

"ಎಂತ ಹೇಳಿದ್ರು ಅವ್ವ?" ಕಮಲ ತಾಯಿಯ ಕೈ ಹಿಡಿದುಕೊಂಡಳು. "ನನಗೆ ಎಂತ ಹೇಳಿದ್ರು?"

ಅತ್ತೆ ನನ್ನ ಮುಖ ನೋಡಿದರು. "'ಮುಚ್ಚಳದ ತೂತು ಕಟ್ಟಿದೆ. ಟ್ಯಾಂಕಿಗೆ ಗಾಳಿ ಹೋಗ್ದೆ ಪೆಟ್ರೋಲ್ ಇಳೀತಾ ಇಲ್ಲ. ಒಂದು ಪಿನ್ ಹಾಕ್ಲಿಕ್ಕೆ ಹೇಳಿ' ಅಂದ್ರು. ಅಷ್ಟೇ. ಆಮೇಲೆ ಮಾತಾಡ್ಲಿಲ್ಲ. ಅಷ್ಟರಲ್ಲಿ ಬಸ್ಸೂ ಮುಂದೆ ಹೋಗಿತ್ತು."

ನಾನು ಎದ್ದು ಕಾರಿನ ಬಳಿಗೆ ಹೋದೆ. ಹಿಂದೆಯೇ ಬಂದ ಕಮಲ ಜಡೆಯಿಂದ ಪಿನ್ ಒಂದನ್ನು ಕಿತ್ತು ಚಾಚಿದಳು. ಮೇಣ ಹೊರಬರಲು ಎರಡು ಕ್ಷಣ ಹಿಡಿಯಿತು. ಆರು ಗಂಟೆ ಎಂಜಿನ್ ಬಿಚ್ಚಿದ ಮಹಾಪಂಡಿತನ ತಪ್ಪು ಅಂಗೈಯಲ್ಲಿ ಮೆಣಸಿನ ಕಾಳಿನಷ್ಟಿತ್ತು.

ವಾಪಸು ಬರುವಾಗ ಕಾರು ಎಲ್ಲೂ ನಿಲ್ಲಲಿಲ್ಲ. ಒಂದು ಸಲವಾದರೂ ಕೆಟ್ಟು ನಿಲ್ಲಬಾರದೇ ಎಂದು ನಾನು ಹಾರೈಸಿದ್ದು ಅವತ್ತೇ! ಬೋಜ ಬಸ್ಸು ನಿಲ್ಲಿಸಿದ್ದ ಜಾಗಕ್ಕೆ ಬಂದಾಗ ಕಮಲ, "ಇಲ್ಲಿ ನಿಲ್ಸಿ" ಎಂದಳು. ನಿಲ್ಲಿಸಿದೆ. ಬಾಗಿಲು ತೆಗೆದು ಒಂದು ಕಾಲು ಹೊರಗಿಟ್ಟು, ರಸ್ತೆ ನೋಡುತ್ತ ಕುಳಿತಳು. ಆಮೇಲೆ ಅವಳು ಹೇಳಿದ್ದೇ ಹನ್ನೊಂದು ದಿನಗಳಲ್ಲಿ ನನ್ನ ಹತ್ತಿರ ಆಡಿದ ಮೊದಲ ಪೂರ್ತಿ ಮಾತು.

"ಅಪ್ಪ ನನ್ನ ಹತ್ರ ಎಂತದ್ದೋ ಹೇಳ್ಬೇಕು ಅಂತ ಇದ್ರು. ಉಳಿದಿದ್ದ ಒಂದು ಉಸಿರು ನಿಮ್ಮ ಕಾರಿಗೆ ಖರ್ಚಾಯ್ತು."