ಮುಲ್ಲಾಮಾರಿ ದಂಡೆಯ ವಾಕಿಂಗ್

ಭಾನುವಾರ ಬೆಳಿಗ್ಗೆ ಚಹಾ ಕೈಗಿಡುತ್ತ ಉಮಾದೇವಿ, "ಸಂಜಿಗಿ ಮುಲ್ಲಾಮಾರಿ ಹೊಳಿ ದಂಡಿ ಗಾರ್ಡನ್‌ಗಿ ಹೋಗಾಮ್ರಿ, ಸುಮ್ಕ ಅಡ್ಡಾಡಿ ಬರಾಮ್" ಅಂದಳು. ಅಷ್ಟೇ! ಶಾಂತಕುಮಾರ ಬಾಯಿಗೆತ್ತಿದ ಕಪ್ಪು ಕೆಳಗಿಟ್ಟ. ಲಗ್ನವಾದಂದಿನಿಂದ ಈ ಹೆಂಡತಿ ಸುಮ್ಮನೆ ಹೊಸ್ತಿಲು ದಾಟಿದವಳೇ ಅಲ್ಲ.

ಚಿಂಚೋಳಿ ತಾಲೂಕು ಕಚೇರಿಯ ಗುಮಾಸ್ತ ಶಾಂತಕುಮಾರನಿಗೆ ಸಂಶಯವೆಂದರೆ ಊಟಕ್ಕೆ ಉಪ್ಪಿದ್ದಂತೆ. ಹಾಲಿನವನ ಮೇಲೆ ಸಂಶಯ, ಕರೆಂಟ್ ಮೀಟರ್ ಓದುವವನ ಮೇಲೆ ಸಂಶಯ. ಮಗಳು ಶಿವಗಂಗಾಗೆ ಕಲಬುರ್ಗಿಯಲ್ಲಿ ಎಂ.ಎಸ್ಸಿ ಸೀಟು ಸಿಕ್ಕಿತೆಂದು ಬಾಡಿಗೆ ಖೋಲಿ ನೋಡಲು ಹೋಗಿ, ಮೂರು ಮನೆಯವರೊಡನೆ ಜಗಳ ತೆಗೆದು ಬಂದಿದ್ದ. ಒಬ್ಬರು ಭಾಳ ನಗುತ್ತಾರಂತೆ. ಇನ್ನೊಬ್ಬರು ನಗುವುದೇ ಇಲ್ಲವಂತೆ. ಮತ್ತೊಬ್ಬರು ಕೇಳುವ ಮೊದಲೇ ಕುಡಿಯಲು ನೀರು ಕೊಟ್ಟರಂತೆ, ಯಾಕೆ? ಆದರೆ ಮಗಳೆಂದರೆ ಜೀವ. "ನಿನ್ನ ಓದು ಮುಗಿಯೂ ತನಕ ಈ ಮನ್ಯಾಗ ಲಗ್ನದ ಮಾತು ಎತ್ತಗೊಡಂಗಿಲ್ಲವ್ವಾ" ಎಂದು ಅವಳಿಗೆ ಮಾತು ಕೊಟ್ಟಿದ್ದ.

ಸಂಜೆ ಉಮಾದೇವಿ ಇಳಕಲ್ ಸೀರೆ ಉಟ್ಟು ಹೊರಬಂದಳು. ಮಗಳಿಗೆ ಹೊಸ ಡ್ರೆಸ್ಸು, ಜಡೆಗೆ ಮಲ್ಲಿಗೆ. ಇವನಿಗೆ ಇಸ್ತ್ರಿ ಮಾಡಿದ ಅಂಗಿ. ಡಬ್ಬಿ ತುಂಬ ಶೇಂಗಾ ಉಂಡೆ ಬೇರೆ! ನಾಲ್ಕು ಹೆಜ್ಜೆ ಅಡ್ಡಾಡಲು ಇಷ್ಟೆಲ್ಲ ಯಾಕೆ ಬೇಕು?

ಗಾರ್ಡನ್ ಗೇಟಿನಲ್ಲೇ ಪಕ್ಕದ ಮನೆಯ ಟೇಲರ್ ಸಿರಾಜುದ್ದೀನ ಅಡ್ಡ ಸಿಕ್ಕ. "ಅರೆ ಶಾಂತಣ್ಣ, ಡ್ರೆಸ್ ಬರೋಬ್ಬರಿ ಕುಂತದ ನೋಡ್ರಿ! ಭಾಭೀ ನಿನ್ನಿ ಮುಂದ ಕುಂತು ಅರ್ಜೆಂಟ್ ಹೊಲಿಸಿಕೊಂಡು ಹೋದ್ರು. ಯಾರರೆ ನೋಡ್ಲಿಕ್ಕಿ ಬರಾಕತ್ತಾರೇನ್?"

"ಯಾರಿಲ್ಲ ಯಣ್ಣಾ, ಸುಮ್ಕ ಅಡ್ಡಾಡ್ಲಿಕ್ಕಿ ಬಂದೀವಿ" ಎಂದು ಉಮಾದೇವಿ ಹೆಜ್ಜೆ ಚುರುಕು ಮಾಡಿದಳು.

ಶಾಂತಕುಮಾರನಿಗೆ ಎಲ್ಲ ಹೊಳೆಯಿತು. ಅವನು ಉಮಾದೇವಿಯನ್ನು ಮೊದಲು ನೋಡಿದ್ದೂ ಹೀಗೆಯೇ. ಹೆಣ್ಣು ಒಪ್ಪಿಗೆಯಾಗದಿದ್ದರೆ ಊರಿಗೆ ಸುದ್ದಿಯಾಗಬಾರದೆಂದು ಎರಡೂ ಮನೆಯವರು ಸೇಡಂ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುವ ನಾಟಕ ಹೂಡಿದ್ದರು. ಬಸ್ಸು ತಪ್ಪಿತು, ಲಗ್ನ ತಪ್ಪಲಿಲ್ಲ.

ಬೇವಿನ ಗಿಡದ ಹತ್ತಿರ, ಫರ್ಸಿ ಕಲ್ಲಿನ ಬೆಂಚಿನ ಮೇಲೆ ಒಬ್ಬ ದಪ್ಪನೆಯ ಹೆಣ್ಣುಮಗಳು ಕೂತಿದ್ದಳು. ಪಕ್ಕದಲ್ಲಿ ಎಣ್ಣೆ ಹಚ್ಚಿ ಬೈತಲೆ ತೆಗೆದ, ವಯಸ್ಸಿಗೆ ಬಂದ ಮಗ. ಅವನ ಕೈಯ ಗೋವಿನಜೋಳದ ತೆನೆಯನ್ನು ಆಡೊಂದು ತಿನ್ನುತ್ತಿತ್ತು. ಅವನೋ, "ತಿನ್ಲಿ ಬಿಡವ್ವಾ, ಅದಕ್ಕೂ ಹಸಿವಿ ಇರ್ತದ" ಎನ್ನುತ್ತಿದ್ದ.

"ಅಯ್ಯ ಉಮಾದೇವಿ! ನೀವೂ ಬಂದೀರೇನ್ರಿ?" ಎಂದಳು ಆ ಹೆಣ್ಣುಮಗಳು. ಆ ಆಶ್ಚರ್ಯ ಮನೆಯಲ್ಲೇ ರೂಢಿ ಮಾಡಿಕೊಂಡು ಬಂದದ್ದೆಂದು ಆಡಿಗೂ ಗೊತ್ತಾಗುವಂತಿತ್ತು.

"ಕಲಬುರ್ಗಿ ಚಂದಮ್ಮನವರು ರೀ, ನಮ್ಮ ತವರಮನಿ ಗುರ್ತು. ಐನಾಪುರಕ್ಕ ಬಸರಿ ಹೆಣ್ಮಗಳ ಕುಬಸಕ್ಕ ಬಂದಿದ್ರಂತ. ಇವ ಮಗ, ಸೂಗೂರೇಶ" ಎಂದು ಉಮಾದೇವಿ ಗುರುತು ಹೇಳಿದಳು.

ಮಗ! ಶಾಂತಕುಮಾರ ಹಲ್ಲು ಕಚ್ಚಿದ. "ಹೊಳ್ಯಾಗ ನೀರು ಎಷ್ಟು ಬಂದಾವ ನೋಡಿ ಬರ್ರಿ" ಎಂದು ಹೆಂಡತಿ, ಮಗಳನ್ನು ಅತ್ತ ಅಟ್ಟಿದ. ಬೆಂಚಿನ ಮೇಲೆ ಕೂತವನು ಹಂಚಿನ ಮೇಲೆ ಕೂತಂತೆ ಚಂಗನೆ ಎದ್ದ. ಸಂಜೆಯಾದರೂ ಫರ್ಸಿ ಸುಡುತ್ತಿತ್ತು. ಆದರೂ ಮರ್ಯಾದೆಗಾಗಿ ಮತ್ತೆ ಕೂತ.

"ಪೋರಿ ಸ್ವಭಾವ ಹ್ಯಾಂಗರಿ?" ಚಂದಮ್ಮ ಶುರು ಮಾಡಿದಳು. "ಅಡಗಿ ಮಾಡಿಕೋತಾಳೇನು?"

"ಅಡಗಿ ದೂರ ಉಳೀತ್ರಿ. ಸಿಟ್ಟು ಬಂದ್ರ ಊಟದ ತಾಟು ಗ್ವಾಡಿಗಿ ಒಗೀತಾಳ."

ಚಂದಮ್ಮ ಕಣ್ಣರಳಿಸಿದಳು. "ಹಿರ್ಯಾರು ಏನರೆ ಅಂದ್ರ?"

"ತಿರುಗಿ ಬೀಳ್ತಾಳ್ರಿ! ಓಣ್ಯಾಗ ಯಾರೂ ತುಟಿ ಪಿಟಕ್ ಅನ್ನಂಗಿಲ್ಲ. ಹೋದ ತಿಂಗಳು ಹಾಲಿನಾಂವ ನೀರು ಹಾಕಿದ್ದಕ್ಕ ಇಕಿ ಬೈಗಳ ತಿಂದು ಕ್ಯಾನ್ ಬಿಟ್ಟು ಓಡಿ ಹೋಗ್ಯಾನ."

ಪಾಪ, ಶಿವಗಂಗಾ ಇರುವೆಗೂ ದಾರಿ ಬಿಟ್ಟು ನಡೆಯುವ ಹುಡುಗಿ. ಸೂಗೂರೇಶ ಮೆಲ್ಲಗೆ ತಾಯಿಯ ಬೆನ್ನ ಹಿಂದೆ ಸರಿದ. ಶಾಂತಕುಮಾರನ ಮನಸ್ಸು ಹಿಗ್ಗಿತು.

ಹೊಳೆ ನೋಡಿ ಬಂದ ಉಮಾದೇವಿ ಡಬ್ಬಿಯ ಮುಚ್ಚಳ ತೆಗೆಯುತ್ತ, "ಮತ್ತ, ಮನಸಿಗಿ ಬಂತೇನ್ರಿ?" ಎಂದು ಚಂದಮ್ಮನನ್ನು ಕೇಳಿದಳು.

"ಇಲ್ಲವ್ವಾ. ತಾಟು ಒಗಿಯೋ ಪೋರಿಗಿ ನಾ ಖೋಲಿ ಕೊಡಂಗಿಲ್ಲ. ನಮ್ಮ ಮನ್ಯಾಗ ಕಿರಾಯಿಗಿ ಇರೋ ಉಳಿದ ಪೋರ್‍ಯಾರು ಓದೂದು ಬ್ಯಾಡೇನು?"

"ಖೋಲಿ?" ಶಾಂತಕುಮಾರ ಹೆಂಡತಿಯ ಕಡೆ ತಿರುಗಿದ.

"ಮತ್ತೇನು ಅಂದ್ಕೊಂಡಿದ್ರಿ?" ಉಮಾದೇವಿಗೆ ಅಳುವೇ ಬಂತು. "ಇವರು ಮನಿ ಮಂದೀನ್ನ ನೋಡದೆ ಯಾರಿಗೂ ಖೋಲಿ ಕೊಡಂಗಿಲ್ಲ. ನಿಮಗ ಮೊದಲೇ ಹೇಳಿದ್ರ ಇದನ್ನೂ ಕೆಡಿಸ್ತಿದ್ರಿ ಅಂತ ಬಾಯಿ ಮುಚ್ಚಿಕೊಂಡು ಕರ್ಕೊಂಡು ಬಂದೆ! ಈ ವಾರ ಖೋಲಿ ಸಿಗಲಿಲ್ಲಂದ್ರ ಪೋರಿ ಸೀಟು ಬಿಡಬೇಕು!"

ಶಾಂತಕುಮಾರ ಎರಡೂ ಕೈ ಜೋಡಿಸಿದ. "ತಪ್ಪಾತ್ರಿ ಅವ್ವಾ! ಎಲ್ಲಾ ಸುಳ್ಳ ಹೇಳೀನಿ. ಪೋರಿ ಬಂಗಾರದಂಥಾಕಿ, ಒಂದು ಮಾತು ಎದುರಾಡಂಗಿಲ್ಲ."

ಚಂದಮ್ಮ ಅವನನ್ನು ಸಂಶಯದಿಂದ ನೋಡಿದಳು. "ಅವಾಗ ಹೇಳಿದ್ದೇ ಖರೆ ಇರ್ತದ. ಹೆತ್ತಪ್ಪ ಮಗಳ ಮ್ಯಾಲ ಇಲ್ಲದ್ದು ಹೇಳ್ತಾನೇನು?" ಆಮೇಲೆ ಮಗನ ಕಡೆ ತಿರುಗಿದಳು. ಆಡು ಈಗ ಅವನ ಕರ್ಚೀಪು ಜಗಿಯುತ್ತಿತ್ತು. ಅವನು ಬಿಡಿಸಿಕೊಳ್ಳಲು ಸಂಕೋಚಪಡುತ್ತ ನಿಂತಿದ್ದ. ಅವಳ ಮುಖ ಒಮ್ಮೆಲೇ ಅರಳಿತು.

"ಖೋಲಿ ಆಗಂಗಿಲ್ಲ ಬಿಡ್ರಿ. ಖರೆ, ಇಂಥಾ ಕಡಕ್ ಪೋರಿ ನಮ್ಮ ಸೂಗೂರೇಶಗ ಎಲ್ಲಿ ಹುಡುಕಿದ್ರೂ ಸಿಕ್ಕಿರಲಿಲ್ಲ ನೋಡ್ರಿ! ನಾಳಿ ಸೋಮಾರ ಪೋರಿನ್ನ ನೋಡ್ಲಿಕ್ಕಿ ನಿಮ್ಮನಿಗಿ ಬರ್ತೀವಿ, ಚುರಮುರಿ ಸುಸಲಾ ಮಾಡಿ ಇಡ್ರಿ. ಸೊಸಿ ಆಗಿ ಬಂದ್ರ ಎಷ್ಟರೆ ಓದ್ಲಿ, ಖೋಲಿ ಕಿರಾಯಿನೂ ಇಲ್ಲ."

ಉಮಾದೇವಿ ಕಣ್ಣೊರೆಸಿಕೊಂಡು, ಸೂಗೂರೇಶನನ್ನು ಮೊದಲ ಸಲ ಅಡಿಯಿಂದ ಮುಡಿತನಕ ನೋಡಿದಳು. ನೋಡಿ, ಡಬ್ಬಿಯಿಂದ ಅವನ ಕೈಗೊಂದು ಉಂಡೆ ಇಟ್ಟಳು.

"ಪಪ್ಪಾ, ನೀವು ನನಗ ಮಾತು ಕೊಟ್ಟಿದ್ರಿ" ಎಂದಳು ಶಿವಗಂಗಾ. ಎಂದೂ ಎತ್ತದ ದನಿ ಎತ್ತಿದಳು.

"ನೋಡ್ರಿ, ಶುರು ಆತು!" ಎಂದು ಚಂದಮ್ಮ ಹಿಗ್ಗಿ ಹೀರೇಕಾಯಿಯಾದಳು.

ಗೇಟಿನ ಕಡೆಯಿಂದ ಸಿರಾಜುದ್ದೀನ ಕೂಗಿದ: "ಶಾಂತಣ್ಣಾ, ಪಕ್ಕಾ ಆತೇನ್ರಿ? ಮದಿಮಗನ ಸೂಟು ನಾನೇ ಹೊಲೀತೀನಿ, ಈಗೇ ಹೇಳಿಟ್ಟೀನಿ ನೋಡ್ರಿ!"