ಕೆಮ್ಮಜ್ಜಿಯ ಹಾಜರಿ

ಪೇಪರಿನ ಮೂಲೆಯ ಆ ಎರಡು ಸಾಲು ಹೆಂಡತಿಯ ಕಣ್ಣಿಗೆ ಬೀಳದೇ ಇದ್ದಿದ್ದರೆ ದರ್ಜಿಯ ದಿನ ತಣ್ಣಗೆ ಕಳೆಯುತ್ತಿತ್ತು. ಊರಿನಲ್ಲಿ ಇನ್ನೂ ಬಳಕೆಯಲ್ಲಿರುವ ಹಳೇ ಕಾರುಗಳೆಷ್ಟು ಎಂದು ಸಾರಿಗೆ ಕಚೇರಿಯವರು ಎಣಿಸುತ್ತಿದ್ದರು. ಇವತ್ತು ಸಂಜೆಯೊಳಗೆ ಕಚೇರಿಗೆ ತಾನಾಗಿ ಓಡಿ ಬಂದದ್ದು ಕಾರು, ಬಾರದ್ದು ಗುಜರಿ.

“ಕೇಳಿಸ್ತಾ? ನಿಮ್ಮ ಕೆಮ್ಮಜ್ಜಿಗೆ ಕೊನೆಗಾಲ ಬಂತು. ತೂತುಕಾಸಿಗೂ ಬಾಳಲ್ಲ ಅದು!”

ಕೆಮ್ಮಜ್ಜಿ ಎಂದರೆ ದರ್ಜಿಯ ಅಪ್ಪ ಬಿಟ್ಟುಹೋದ ಕಾರು. ಅದು ಕೆಮ್ಮಲು ಶುರುಮಾಡಿದರೆ ಬೀದಿಯವರೆಲ್ಲ ಕಿಟಕಿ ಮುಚ್ಚುತ್ತಿದ್ದರು. ಆದರೆ ಹೊಲಿದ ಬಟ್ಟೆ ಮನೆಮನೆಗೆ ಮುಟ್ಟಿಸಲು ದರ್ಜಿಗೆ ಬೇರೆ ಗತಿ ಇರಲಿಲ್ಲ.

“ಓಡಿಸ್ಕೊಂಡೇ ಹೋಗ್ತೀನಿ, ನೋಡ್ತಿರು,” ಎಂದು ತೋಳು ಮಡಚಿದ.

ಕಾರು ಮಾತ್ರ ಮುನಿದ ಅತ್ತೆಯ ಹಾಗೆ ಕೂತಲ್ಲೇ ಕೂತಿತು. ಬೀದಿಗೆ ಬೀದಿಯೇ ನೆರೆಯಿತು. “ಬ್ಯಾಟರಿ ಸತ್ತಿದೆ,” ಅಂದರು ಪಕ್ಕದ ಮನೆ ಮೇಷ್ಟ್ರು. “ತಳ್ಳಿದ್ರೆ ಎದ್ದೇಳುತ್ತೆ,” ಅಂದ ಕ್ಷೌರದಂಗಡಿಯವನು. ಎಲ್ಲರೂ ಹಲ್ಲು ಕಚ್ಚಿ ತಳ್ಳಿದರು. ಕಾರು ಕದಲಲಿಲ್ಲ. ಮುಂದಿನಿಂದ ತಳ್ಳುತ್ತಿದ್ದ ಕ್ಷೌರದಂಗಡಿಯವನನ್ನು ಪಕ್ಕಕ್ಕೆ ಎಳೆದ ಮೇಲೆ ಹೊರಟಿತು.

ತಿರುವಿನಲ್ಲಿ ಪೆಟ್ರೋಲ್ ಸೋರತೊಡಗಿತು. ಕೊಳವೆಯ ವಾಷರ್ ಪುಡಿಯಾಗಿತ್ತು. ಡ್ಯೂಟಿಗೆ ಹೊರಟಿದ್ದ ಎದುರುಮನೆ ನರ್ಸಮ್ಮ ಬೀಗದ ಗೊಂಚಲಿನಿಂದ ತೂತಿರುವ ಹಳೇ ಕಾಸೊಂದನ್ನು ಬಿಚ್ಚಿದಳು.

“ತಗೊಳ್ಳಿ. ಅಂಗಡಿಯವರಂತೂ ತಗೊಳ್ಳಲ್ಲ, ನಿಮ್ಮಜ್ಜಿ ತಗೋತಾಳಾ ನೋಡಿ.”

ಕಾಸು ಅಂಗಿಯ ಕಾಜಿಗೆ ಗುಂಡಿ ಕೂತ ಹಾಗೆ ಕೂತಿತು. ಸೋರಿಕೆ ನಿಂತಿತು.

ಏರು ಬಂದಾಗ ಕೆಮ್ಮಜ್ಜಿ ಮತ್ತೆ ಕೈಚೆಲ್ಲಿದಳು. ದರ್ಜಿ ಕೈಚೆಲ್ಲಲಿಲ್ಲ. ರಿವರ್ಸ್ ಗೇರಿನಲ್ಲಿ ಇನ್ನೂ ಕಸುವಿತ್ತು. ಕಾರನ್ನು ತಿರುಗಿಸಿ, ಕತ್ತು ಹೊರಳಿಸಿ, ಹಿಮ್ಮುಖವಾಗಿಯೇ ಏರು ಹತ್ತಿಸಿದ.

“ಎಲ್ಲಿಂದ ಬರ್ತಿದೀಯೋ?” ಎಂದು ಕೂಗಿದ ತರಕಾರಿಯವನು.

“ಬರ್ತಿಲ್ಲ, ಹೋಗ್ತಿದೀನಿ!”

ಅಧಿಕಾರಿ ಕಚೇರಿಯ ಗೇಟು ಎಳೆಯುವ ಹೊತ್ತಿಗೆ ಕೆಮ್ಮಜ್ಜಿ ಬೆನ್ನು ಮುಂದೆ ಮಾಡಿಕೊಂಡು ಒಳಗೆ ನುಗ್ಗಿದಳು. ಅಧಿಕಾರಿ ಅವಳನ್ನು ಮೂರು ಸುತ್ತು ಬಂದರು. ಕಣ್ಣು ತೇವವಾಯಿತು.

“ಈ ಮಾದರಿ ಇನ್ನೂ ಓಡ್ತಿರೋದು ಇದೊಂದೇ ಕಣ್ರೀ! ಗುಜರಿ ಮಾತೇ ಇಲ್ಲ!”

ದರ್ಜಿಯ ಎದೆ ಅಳತೆ ತಪ್ಪಿದ ಅಂಗಿಯೊಳಗೆ ಉಬ್ಬಿತು. ಅಧಿಕಾರಿ ಗಾಜಿನ ಮೇಲೆ ಕೆಂಪು ಚೀಟಿ ಅಂಟಿಸಿದರು.

“ಇನ್ಮೇಲೆ ಇದು ಊರಿನ ಆಸ್ತಿ. ಇಂಥ ಅಪರೂಪದ್ದನ್ನ ರಸ್ತೆ ಮೇಲೆ ಸವೆಸೋ ಹಾಗಿಲ್ಲ. ನಾಳೆ ನಮ್ಮ ಲಾರಿನೇ ಮನೆಗೆ ತಲುಪಿಸುತ್ತೆ. ದಿನಾ ಒರೆಸಿ, ಜನ ಬಂದ್ರೆ ತೋರಿಸಿ. ಓಡಿಸಿದ್ರೆ ಮಾತ್ರ ದಂಡ.”

ದರ್ಜಿ ಹಿಂದಿನ ಸೀಟಿನಿಂದ ಬಟ್ಟೆಗಂಟನ್ನು ಇಳಿಸಿಕೊಂಡ. “ಹಾಗಾದ್ರೆ... ಈ ಮಾದರೀಲಿ ಬಳಕೆಯಲ್ಲಿರೋದು ಎಷ್ಟಾಯ್ತು ಸಾರ್?”

“ನೀವು ಬರೋತನಕ ಒಂದಿತ್ತು,” ಅಂದರು ಅಧಿಕಾರಿ, ಗೇಟಿಗೆ ಬೀಗ ಹಾಕುತ್ತ.

ದರ್ಜಿ ಅವತ್ತು ಕೊಡಬೇಕಿದ್ದ ಆ ಗಂಟನ್ನು ಹೆಗಲಿಗೆ ಏರಿಸಿದ. ಗಿರಾಕಿಯ ಮನೆ ಊರಿನ ಇನ್ನೊಂದು ತುದಿಯಲ್ಲಿತ್ತು. ಕತ್ತಲಾಗುವುದರೊಳಗೆ ಮುಟ್ಟಿಸಿಯೇ ತೀರುತ್ತೇನೆಂದು ಕಾಲು ಬೀಸಿದ.