ಅಜ್ಜನ ಹಾಲುಹಲ್ಲಿನ ದಾಖಲೆ

೨೦೨೫ರ ಮಾರ್ಚ್ ೩೧, ಸೋಮವಾರ. ಆಧಾರ: ನಮ್ಮ ಅಡುಗೆಮನೆಯ ಕ್ಯಾಲೆಂಡರ್, ಪಂಚಾಂಗದೊಂದಿಗೂ ತಾಳೆ ನೋಡಿದ್ದೇನೆ. ಇತಿಹಾಸ ಸಂಶೋಧನೆಯಲ್ಲಿ ಆಯುಷ್ಯ ಕಳೆದವನಿಗೆ ನಿವೃತ್ತಿಯ ನಂತರವೂ ಈ ಚಟ ಬಿಡದು. ಹಾಲಿನವನು ನಿನ್ನೆ ಬಂದಿದ್ದೆನೆಂದರೂ ಇನ್ನೊಂದು ಸಾಕ್ಷ್ಯ ಕೇಳುತ್ತೇನೆ. ಅಂದು ಯುಗಾದಿಯ ಮರುದಿನ. ಶಹಾಪುರದ ನಮ್ಮ ಮನೆಯಲ್ಲಿ, ಉಳಿದ ಹೋಳಿಗೆಯನ್ನು ಕಚ್ಚಿದ ಐದು ವರ್ಷದ ಮೊಮ್ಮಗಳು ಭಾಗ್ಯ ಕೆನ್ನೆ ಹಿಡಿದುಕೊಂಡು ಕುಳಿತಳು. ಸೊಸೆ ಬಾಯಿ ತೆರೆಸಿ ನೋಡಿದರೆ ಹಿಂದಿನ ಹಾಲುಹಲ್ಲೊಂದರಲ್ಲಿ ಕರಿಯ ಕುಳಿ.

ಹೇಗೂ ಬೀಳುವ ಹಲ್ಲಿಗೆ ಇಷ್ಟು ಚಿಂತೆ ಏಕೆಂದು ಯಾದಗಿರಿಯ ದಂತವೈದ್ಯೆಯನ್ನು ಕೇಳಿದೆ. ಹಾಲುಹಲ್ಲು ಮುಂದೆ ಬರುವ ಹಲ್ಲಿಗಾಗಿ ಜಾಗ ಹಿಡಿದು ಕೂತಿರುತ್ತದೆ, ಅಕಾಲದಲ್ಲಿ ಹೋದರೆ ಪಕ್ಕದವು ಒತ್ತರಿಸಿಕೊಂಡು ಬರುತ್ತವೆ ಎಂದು ಅವರು ಸಾವಧಾನವಾಗಿ ತಿಳಿಸಿದರು. ಬಸ್ಸಿನ ಕಿಟಕಿಯಿಂದ ಸೀಟಿನ ಮೇಲೆ ಟವೆಲ್ ಎಸೆಯುವ ನಮ್ಮ ಜನರ ಪದ್ಧತಿ ನೆನಪಾಗಿ ನನಗೆ ಕೂಡಲೇ ಅರ್ಥವಾಯಿತು. ಕುಳಿ ತುಂಬಿದರೆ ಹಲ್ಲು ಉಳಿದೀತು, ತಡವಾದರೆ ಕೀಳಬೇಕಾದೀತು ಎಂದರು. ಆದರೆ ತುಂಬುವುದಕ್ಕೆ ಬಾಯಿ ತೆರೆಯಬೇಕಲ್ಲ? ಭಾಗ್ಯ ತೆರೆಯಲೇ ಇಲ್ಲ. ಹೋದ ಹಾಗೆಯೇ ಮರಳಿದೆವು.

ಕಾರಣ ನಾನೇ ಎಂಬುದು ಆಮೇಲೆ ತಿಳಿಯಿತು. ಹೊರಡುವ ಮುನ್ನ ಅವಳಿಗೊಂದು ಉಪನ್ಯಾಸ ಕೊಟ್ಟಿದ್ದೆ: ಸುರಪುರದ ನನ್ನ ಬಾಲ್ಯದಲ್ಲಿ ದಿನವೂ ಬೇವಿನ ಕಡ್ಡಿಯಿಂದ ಹಲ್ಲುಜ್ಜುತ್ತಿದ್ದೆ, ಬೆಲ್ಲದ ಕಡೆ ತಿರುಗಿಯೂ ನೋಡುತ್ತಿರಲಿಲ್ಲ, ನನ್ನ ಒಂದು ಹಲ್ಲೂ ಕಪ್ಪಾಗಲಿಲ್ಲ. ಮಗು ಇದರಿಂದ ತನ್ನದೇ ನಿರ್ಣಯಕ್ಕೆ ಬಂದಿತ್ತು. "ಕರ್ರಗಿನ ಹಲ್ಲು ಬರೇ ನಂಗಷ್ಟ ಅದ," ಎಂದು ತಾಯಿಯ ಸೆರಗಿನೊಳಗೆ ಮುಖವಿಟ್ಟು ಹೇಳಿದಳಂತೆ. ಅಂದಿನಿಂದ ಅವಳು ಅಂಗೈ ಅಡ್ಡ ಹಿಡಿಯದೆ ನಗಲಿಲ್ಲ. ಆಕಳಿಕೆಗೂ ಅದೇ ಕಾವಲು.

ಸೊಸೆ ಫೋನಿನಲ್ಲಿ ಇದನ್ನೆಲ್ಲ ಸುರಪುರದ ನನ್ನ ಅಕ್ಕನಿಗೆ ಹೇಳಿದಳು. ಅಕ್ಕ ನನಗಿಂತ ಹಿರಿಯಳು, ಆದ್ದರಿಂದ ನನ್ನ ಪಾಂಡಿತ್ಯಕ್ಕೆ ಹೆದರದವಳು. ತನ್ನ ಮನೆಯ ಗೋಡೆಯ ಮೇಲಿದ್ದ ಹಳೆಯ ಫೋಟೋವನ್ನೇ ಇಳಿಸಿ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿ ಬಂದಳು. ಅದರಲ್ಲಿ ಅಪ್ಪ, ಅಕ್ಕ, ಮುಂದೆ ಐದಾರು ವರ್ಷದ ನಾನು. ನಾನು ನಗುತ್ತಿದ್ದೇನೆ, ಮೇಲಿನ ಸಾಲಿನ ಹಲ್ಲುಗಳೆಲ್ಲ ಸುಟ್ಟ ಮೋಟುಗಳಂತಿವೆ.

"ಬೆಲ್ಲದ ಗಡಿಗ್ಯಾಗ ಕೈ ಹಾಕಿ ಸಿಕ್ಕಾಗೆಲ್ಲಾ ನಿಮ್ಮಜ್ಜ ಬಾಯಾಗ ಬೇವಿನ ಕಡ್ಡಿ ಇಟ್ಕೊಂಡು ನಿಲ್ಲತಿದ್ದ," ಎಂದಳು ಅಕ್ಕ. "ತಿಕ್ಕಿದ್ದು ಮಾತ್ರ ನಾ ನೋಡಿಲ್ಲವ್ವಾ."

ಹಳೆಯ ಚಿತ್ರಗಳಿಗೆ ತೇವದ ಕಲೆ ಬೀಳುವುದುಂಟೆಂದು ವಾದಿಸಿ, ಭೂತಗನ್ನಡಿ ತಂದೆ. ಭಾಗ್ಯ ಅದನ್ನು ನನ್ನ ಕೈಯಿಂದ ಕಸಿದುಕೊಂಡು ಬಹಳ ಹೊತ್ತು ಪರಿಶೀಲಿಸಿದಳು.

"ಅಜ್ಜಾ, ನಿನ್ನವು ನನಗಿಂತಾ ಭಾಳ ಹಾಳಾಗ್ಯಾವಲ್ಲ!"

ನಕ್ಕಳು. ಅಂಗೈ ಅಡ್ಡ ಬರಲಿಲ್ಲ. ಒಳಗಿನ ಆ ಕರಿಯ ಕುಳಿಯೂ ನನಗೆ ಆ ಕ್ಷಣಕ್ಕೆ ಚೆಂದವೇ ಕಂಡಿತು.

ಮತ್ತೆ ಯಾದಗಿರಿಗೆ ಹೋದೆವು. ಬಸ್ಸಿನಲ್ಲಿ ಫೋಟೋ ಅವಳ ತೊಡೆಯ ಮೇಲೆಯೇ ಇತ್ತು. ಕುರ್ಚಿ ಹತ್ತುವ ಮೊದಲು ಅದನ್ನು ವೈದ್ಯೆಯ ಕೈಗಿತ್ತು, "ಮೊದಲ ಇವ್ರದ ನೋಡ್ರಿ, ನಮ್ಮ ಅಜ್ಜ," ಎಂದಳು. ಆಮೇಲೆ ನನ್ನ ಹೆಬ್ಬೆರಳನ್ನು ಬಿಗಿಯಾಗಿ ಹಿಡಿದು ಬಾಯಿ ತೆರೆದಳು. ಹಲ್ಲು ಉಳಿಯಿತು.

ಒಂದು ಅಡಿಟಿಪ್ಪಣಿ. ಆ ಫೋಟೋ ತೆಗೆಸಿದ ದಿನ ನನಗೆ ಸ್ಪಷ್ಟವಾಗಿ ನೆನಪಿದೆ: ಛಾಯಾಗ್ರಾಹಕ ಎಷ್ಟು ಕೇಳಿಕೊಂಡರೂ ನಾನು ನಗದೆ, ತುಟಿ ಬಿಗಿದು, ಗಂಭೀರವಾಗಿ ನಿಂತಿದ್ದೆ. ಲಭ್ಯವಿರುವ ಏಕೈಕ ದಾಖಲೆ ಇದನ್ನು ಸಮರ್ಥಿಸುವುದಿಲ್ಲ.